ಹಾಜರಿ ಬರೆದವನ ಹೆಸರು

ಬಸವಣಪ್ಪ ಎಲೆಯಡಿಕೆಯ ಚಂಚಿಯಿಂದ ಪೆನ್‌ಡ್ರೈವ್ ತೆಗೆದು, ಅದಕ್ಕಂಟಿದ್ದ ಸುಣ್ಣವನ್ನು ಧೋತರದ ಚುಂಗಿಗೆ ಒರೆಸಿ, ಮೇಜಿನ ಮೇಲಿಟ್ಟರು.

"ಇದರಾಗ ನಮ್ಮ ಬಾವಿದು ಹಾಜರಿ ಅದ. ಶನಿವಾರ ಮುಂಜಾನಿ ಕಲ್ಯಾಣಕ್ಕ, ಕಲ್ಲ ಕೆತ್ತೋ ಕಾಸಿಮಗ ಹೆಸರಿನ ಪಟ್ಟಿ ಮುಟ್ಟಬೇಕು. ಕಲ್ಲ ತಯಾರಾಗಿ ಕುಂತದ."

ಮೇಜಿನಾಚೆ ಕುಳಿತಿದ್ದ ರತ್ನಮಾಲಾ ಅದನ್ನು ತಕ್ಷಣ ಮುಟ್ಟಲಿಲ್ಲ. ಆ ಹಾಜರಿ ಬರೆದವನು ಅವಳ ಗಂಡ ಅಜೀತ. ಅವನು ತೀರಿಕೊಂಡು ಎರಡು ವರ್ಷವಾಗಿತ್ತು. ಹೆದ್ದಾರಿಯಲ್ಲಿ, ನಿಂತ ಲಾರಿಯೊಂದರ ಹಿಂದೆ, ಹಗಲು ಹೊತ್ತಿನಲ್ಲೇ.

"ಹುಮನಾಬಾದಿನಾಗ ಇನ್ನ ನಾಕ ಅಂಗಡಿ ಅವ," ಎಂದರು ಬಸವಣಪ್ಪ, ಅವಳ ಮುಖ ನೋಡದೆ. "ಖರೆ ಅವನ ಕೈಲೆ ಬರದದ್ದು, ನಿನ್ನ ಕೈಲೇ ಹೋಗ್ಲಿ ಅಂತ ಬಂದೀನಿ, ಮಗಳಾ."

"ಆಗ್ಲಿರಿ ಕಾಕಾ," ಎಂದಳು ರತ್ನಮಾಲಾ.

ಅಂಗಡಿ ಗೌಹರ ಆಪಾಳದು, ರತ್ನಮಾಲಾ ಅಲ್ಲಿ ಟೈಪು ಮಾಡುವವಳು. ತಹಶೀಲ್ ಕಚೇರಿಯ ಎದುರಿನ ಸಾಲಿನಲ್ಲಿ ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಗೋಡೆ ತುಂಬ ಲಗ್ನಪತ್ರಿಕೆಯ ನಮೂನೆಗಳು. ಗೌಹರ ಆಪಾ ಝೆರಾಕ್ಸ್ ಯಂತ್ರದ ಹೊಟ್ಟೆ ತೆರೆದು ಸಿಕ್ಕಿಕೊಂಡ ಹಾಳೆ ಎಳೆಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ಕಲ್ಲಿನ ಮ್ಯಾಲ ಯಾರ್ಯಾರ ಹೆಸರ ಬರ್ತಾವ್ರಿ ಸಾಹುಕಾರ್ರ?"

"ಹದಿನೈದ ದಿನಕ್ಕ ಕಮ್ಮಿ ಇಲ್ಲದಂಗ ಮಣ್ಣ ಹೊತ್ತವರದು. ಹಾಜರಿನಾಗ ಇದ್ರ ಉಂಟು, ಇಲ್ಲಂದ್ರ ಇಲ್ಲ. ನನ್ನ ಸ್ವಂತ ತಮ್ಮ ಜಗಳ ತೆಗದಾನ. ಬಂದದ್ದು ಹನ್ನೊಂದ ದಿನ, ಹದಿನೈದ ಅಂತಾನ. ಅವಂದೇ ಬಿಟ್ಟೀನಿ."

"ತಮ್ಮಂದೇ ಬಿಟ್ಟ ಮ್ಯಾಲ ಮನ್ಯಾಗ ಊಟ ಹಾಕಾಕತ್ತಾರೇನ್ರಿ?"

"ಊಟ ಹಾಕ್ತಾರ. ಮಾತಾಡ್ಸಲ್ಲ."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಅವರದೂ ಅಜೀತನದೂ ಒಂದೇ ಊರು, ಕೊಹಿನೂರದಿಂದ ಮುಂದೆ ಎರಡು ಮೈಲಿ, ಬಸ್ಸು ತಿರುಗಿಸಿಕೊಂಡು ಬರುವ ಜಾಗ. ಊರ ಮುಂದೆ ಮೆಟ್ಟಿಲುಗಳಿರುವ ಹಳೆಯ ಬಾವಿ, ಯಾರ ನೆನಪಿಗೂ ನಿಲುಕದಷ್ಟು ವರ್ಷಗಳಿಂದ ಅರ್ಧ ಹೂಳು ತುಂಬಿಕೊಂಡು ಬಿದ್ದಿತ್ತು. ಕೊರೊನಾದ ಮೊದಲ ಬೇಸಿಗೆಯಲ್ಲಿ ಪುಣೆಯಿಂದ, ಹೈದರಾಬಾದಿನಿಂದ ಕೆಲಸ ಬಿಟ್ಟು ಬಂದವರೆಲ್ಲ ಊರ ಕಟ್ಟೆಯ ಮೇಲೆ ಕುಳಿತಿದ್ದಾಗ, ಸುಮ್ಮನೆ ಕೂಡುವುದಕ್ಕಿಂತ ಹೂಳಾದರೂ ಎತ್ತೋಣ ಎಂದವರು ಬಸವಣಪ್ಪ. ಮೇ ನಾಲ್ಕರಿಂದ ಜೂನ್ ಹನ್ನೆರಡರವರೆಗೆ, ನಲವತ್ತು ದಿನ. ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುತ್ತಿದ್ದ ಅಜೀತನಿಗೆ ಲೆಕ್ಕದ ಅಭ್ಯಾಸವಿತ್ತು. ಹಾಜರಿ ಅವನ ಪಾಲಿಗೆ ಬಂತು. ಸಂಜೆ ಕೈಕಾಲು ತೊಳೆದುಕೊಂಡು, ಮೆಟ್ಟಿಲ ಮೇಲೆ ಕುಳಿತು, ಆ ದಿನ ಬಂದವರ ಹೆಸರುಗಳನ್ನು ಫೋನಿನಲ್ಲಿ ಒತ್ತಿ ಊರ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದ. ಈಗ ಬಾವಿಯಲ್ಲಿ ನೀರು ನಿಂತಿತ್ತು. ದಂಡೆಯ ಮೇಲೆ ಕಲ್ಲು ನಿಲ್ಲಬೇಕಿತ್ತು.

ರತ್ನಮಾಲಾ ಆ ನಲವತ್ತು ದಿನ ಊರಲ್ಲಿರಲಿಲ್ಲ. ಮದುವೆಯಾಗಿ ಎರಡೇ ವರ್ಷ. ಯಾವುದೋ ಕೆಲಸಕ್ಕೆಂದು ಹುಮನಾಬಾದಿನ ತವರಿಗೆ ಬಂದವಳು ಲಾಕ್‌ಡೌನಿಗೆ ಸಿಕ್ಕು ಇಲ್ಲೇ ಉಳಿದಿದ್ದಳು. ಈಗಲೂ ತವರಲ್ಲೇ ಇದ್ದಳು. ಹದಿನೈದು ದಿನಕ್ಕೊಮ್ಮೆ, ಭಾನುವಾರ, ಊರಿಗೆ ಹೋಗಿ ಅತ್ತೆ ಮುಕ್ತಾಬಾಯಿಯ ಜೊತೆ ಒಂದು ದಿನ ಇದ್ದು ಬರುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು.

ಹೋದ ಭಾನುವಾರ ಮಾತ್ರ ಮುಕ್ತಾಬಾಯಿ ಮಾತಾಡಿದ್ದಳು. ತನ್ನ ಅತ್ತೆ ಆ ಬಾವಿಯ ಮೊದಲ ಮೆಟ್ಟಿಲಿಗೂ ಕಾಲಿಟ್ಟವಳಲ್ಲ ಎಂದಳು. ಕೊಡ ಕೆಳಗಿಟ್ಟು ದೂರ ಸರಿದು ನಿಲ್ಲುತ್ತಿದ್ದಳಂತೆ. ಮೇಲಿನ ಕೇರಿಯವರು ಯಾರಾದರೂ ಮನಸ್ಸು ಬಂದವರು ಎತ್ತರದಿಂದ ನೀರು ಸುರಿಯುತ್ತಿದ್ದರು. ಯಾರಿಗೂ ಮನಸ್ಸು ಬಾರದ ದಿನ ಹೊತ್ತು ಇಳಿಯುವವರೆಗೂ ನಿಲ್ಲುತ್ತಿದ್ದಳು. ಮುಕ್ತಾಬಾಯಿ ಇದನ್ನು ಸಿಟ್ಟಿಲ್ಲದೆ, ಹೋದ ವರ್ಷದ ಬಿಸಿಲಿನ ಮಾತಿನಂತೆ ಹೇಳಿದಳು. ಆಮೇಲೆ ಕೇಳಿದಳು:

"ಕಲ್ಲಿನ ಮ್ಯಾಲ ಅಜೀತನ ಹೆಸರ ಎಲ್ಲಾರ ಸಂಗಟ ಬರ್ತದಲ್ಲ?"

"ಬರ್ತದರಿ ಅತ್ತಿ."

"ಬಂತಂದ್ರ ಸಾಕವ್ವಾ. ಮತ್ತೇನೂ ಕೇಳಲ್ಲ ನಾ."

ಇದು ಗುರುವಾರದ ಬೆಳಿಗ್ಗೆ ಬಸವಣಪ್ಪ ಬರುವುದಕ್ಕೆ ನಾಲ್ಕು ದಿನ ಮೊದಲಿನ ಮಾತು.

ಕಡತ ತೆರೆದರೆ ಎಲ್ಲವೂ ಕಲಸಿ ಹೋಗಿತ್ತು. ಬಸವಣಪ್ಪ ಗುಂಪಿನ ಮಾತುಕತೆಯನ್ನು ಇದ್ದಹಾಗೇ ಇಳಿಸಿಕೊಂಡು ಬಂದಿದ್ದರು. ಯಾರದೋ ಗುಡ್ ಮಾರ್ನಿಂಗ್, ಯಾರದೋ ಎಮ್ಮೆ ಕಳೆದುಹೋದ ಸುದ್ದಿ, ಕಷಾಯ ಮಾಡುವ ವಿಧಾನ, ಇವುಗಳ ನಡುವೆ ಅಜೀತನ ಹಾಜರಿ. ಪ್ರತಿ ಸಂದೇಶದ ಮೊದಲಿಗೆ ತಾರೀಕು, ವೇಳೆ, ಒಂದು ಅಡ್ಡಗೀಟು, ಕಳಿಸಿದವರ ಹೆಸರು. ಬಸವಣಪ್ಪ ತಮ್ಮ ಫೋನಿನಲ್ಲಿ ಅವನನ್ನು "ಅಜೀತ ಹಾಜರಿ" ಎಂದು ಇಟ್ಟುಕೊಂಡಿದ್ದರು. ಅದರ ಕೆಳಗೆ ಸಾಲಿಗೊಂದು ಹೆಸರು. ಹೆಸರಿನ ಪಕ್ಕ ಅವನು ಕಂಸದಲ್ಲಿ ಏನಾದರೊಂದು ಬರೆದಿರುತ್ತಿದ್ದ. ಕೊನೆಯ ಸಾಲಿನಲ್ಲಿ "ಒಟ್ಟು" ಎಂದು ಆ ದಿನದ ಲೆಕ್ಕ.

ಕೈಯಿಂದ ಹೆಕ್ಕಿದರೆ ಎರಡು ದಿನದ ಕೆಲಸ. ರತ್ನಮಾಲಾ ಕೈಯಿಂದ ಹೆಕ್ಕುವವಳಲ್ಲ. ಕಲಬುರಗಿಯಲ್ಲಿ ಎಂ.ಎ. ಓದುವಾಗ ಮೇಡಂ ಒಬ್ಬರ ಜನಪದ ಹಾಡುಗಳ ದೊಡ್ಡ ಕಡತ ಹಸನು ಮಾಡುತ್ತ ರೆಗ್ಯುಲರ್ ಎಕ್ಸ್‌ಪ್ರೆಶನ್ ಕಲಿತಿದ್ದಳು. ಸಾದಾ ಹುಡುಕಾಟಕ್ಕೆ ಒಂದು ಪದ ಕೊಟ್ಟರೆ ಅದೇ ಪದ ಸಿಗುತ್ತದೆ. ಇದರಲ್ಲಿ ಪದ ಕೊಡುವುದಿಲ್ಲ, ಚಹರೆ ಕೊಡುತ್ತಾರೆ. ಸಾಲಿನ ಮೊದಲಿಗೆ ಅಂಕಿ ಇರಬೇಕು, ನಡುವೆ ಏನಾದರೂ ಇರಲಿ, ಆಮೇಲೆ ಗೀಟು, ಕೊನೆಗೆ ಎರಡು ಚುಕ್ಕಿ ಎಂದರೆ ಆ ಚಹರೆಯದು ಕಡತದಲ್ಲಿ ಎಲ್ಲಿದ್ದರೂ ಎದ್ದು ನಿಲ್ಲುತ್ತದೆ. ಏನಾಗಿ ಬದಲಾಗಬೇಕೆಂದು ಹೇಳಿದರೆ ಎಲ್ಲವೂ ಒಂದೇ ಏಟಿಗೆ ಬದಲಾಗುತ್ತದೆ.

ಗೌಹರ ಆಪಾಳಿಗೆ ಇದನ್ನು ಹಿಂದೊಮ್ಮೆ ವಿವರಿಸಿದಾಗ ಅವಳು ಹೇಳಿದ್ದಳು, "ಪೊಲೀಸರ ಕೆಲಸ ಇದ್ದಂಗ ಅದಲ್ಲ ಬೇಟಾ ಇದು. ಹೆಸರ ಗೊತ್ತಿಲ್ಲ, ಮಾರಿ ಹ್ಯಾಂಗ ಅದ ಹೇಳ್ರಿ, ಹಿಡಕೊಂಡ ಬರ್ತೀವಿ ಅಂತಾರಲ್ಲ."

ಮೊದಲು ಬೇರೆಯವರ ಸಂದೇಶಗಳನ್ನು ತೆಗೆದಳು. ಗುಡ್ ಮಾರ್ನಿಂಗುಗಳು, ಎಮ್ಮೆ, ಕಷಾಯ ಎಲ್ಲ ಹೋದವು. ಉಳಿದದ್ದು ಅವನೊಬ್ಬನೇ. ಆಮೇಲೆ ಪ್ರತಿ ಹಾಜರಿಯ ತಲೆಯ ಮೇಲಿನ ತಾರೀಕು, ವೇಳೆ, ಕಳಿಸಿದವನ ಹೆಸರು ತೆಗೆಯಬೇಕಿತ್ತು. ಚಹರೆ ಬರೆದಳು, ಬದಲಿಗೆ ಏನೂ ಬೇಡವೆಂದಳು, ಗುಂಡಿ ಒತ್ತಿದಳು. ನಲವತ್ತು ಕಡೆ ಬದಲಾಯಿತೆಂದು ಕೆಳಗೆ ಬಂತು. ನಲವತ್ತು ಬಾರಿ "ಅಜೀತ ಹಾಜರಿ" ಅಳಿಸಿಹೋಗಿತ್ತು.

ಅವಳು ಒಂದು ಗುಟುಕು ನೀರು ಕುಡಿದಳು.

ಇನ್ನು ಕಂಸಗಳು. ಅವುಗಳ ಚಹರೆ ಸರಳ: \(.*?\) ಎಂದು ಏಳು ಗುರುತು. ತೆರೆದ ಕಂಸದಿಂದ ಮುಚ್ಚಿದ ಕಂಸದವರೆಗೆ ಏನಿದ್ದರೂ ಸೈ. ಆ ಪ್ರಶ್ನೆಚಿಹ್ನೆ ಮರೆಯುವ ಹಾಗಿಲ್ಲ. ಮರೆತರೆ ಚಹರೆಗೆ ಹೊಟ್ಟೆಬಾಕತನ ಬರುತ್ತದೆ. ಹತ್ತಿರದ ಮುಚ್ಚುಕಂಸಕ್ಕೆ ನಿಲ್ಲದೆ ಸಾಲಿನ ಕೊನೆಯ ಕಂಸದವರೆಗೆ ನುಂಗುತ್ತದೆ. ಒಂದೇ ಸಾಲಿನಲ್ಲಿ ಇಬ್ಬರ ಹೆಸರಿದ್ದರೆ ಎರಡನೆಯವರು ಅದರ ಹೊಟ್ಟೆ ಸೇರುತ್ತಾರೆ. ಅವಳು ಮರೆಯಲಿಲ್ಲ. ಕಡತದ ಒಂದು ಪ್ರತಿ ಬೇರೆ ತೆಗೆದಿಟ್ಟು, ಕಣ್ಣನ್ನು ಪರದೆಯ ಬಲಗಡೆಗೆ ಹಾಯಿಸದೆ, ಗುಂಡಿ ಒತ್ತಿದಳು. ಸಾವಿರದ ಮುನ್ನೂರ ಆರು ಕಂಸಗಳು ಖಾಲಿಯಾದವು. ಅವುಗಳಲ್ಲಿ ಒಂದನ್ನೂ ಅವಳು ಓದಲಿಲ್ಲ. ಓದದೆ ಅಳಿಸಬಹುದಾದ್ದೇ ಈ ಕೆಲಸದ ಅನುಕೂಲ. ಎರಡು ವರ್ಷದಿಂದ ಅವಳು ಅವನ ಫೋನನ್ನೂ ತೆರೆದಿರಲಿಲ್ಲ.

ಹೆಸರಿನ ಹಿಂದೆ ಅವನು ಹಚ್ಚಿದ್ದ ಕಾಕಾ, ಕಾಕಿ, ಅಣ್ಣ ಎಲ್ಲ ತೆಗೆದಳು. ಯಾರು ಎಷ್ಟು ದಿನವೆಂದು ಎಣಿಸಿದಳು. ಹದಿನೈದು ದಿನ ದಾಟಿದವರು ಅರವತ್ತೆರಡು ಮಂದಿ. ಸಂಘರತ್ನ ನಲವತ್ತು ದಿನ. ಭಾಗಮ್ಮ ಮೂವತ್ತೊಂಬತ್ತು. ಬಸವಣಪ್ಪ ಇಪ್ಪತ್ತೆರಡು. ಅವರ ತಮ್ಮ ನಿಜಕ್ಕೂ ಹನ್ನೊಂದೇ.

ಅಜೀತ ಇರಲಿಲ್ಲ.

ಹೆಸರು ಕೊಟ್ಟು ಹುಡುಕಿದಳು. ಸಿಗಲಿಲ್ಲ. ನಲವತ್ತು ದಿನದಲ್ಲಿ ಒಂದು ದಿನವೂ ಅವನು ತನ್ನ ಹೆಸರು ಬರೆದುಕೊಂಡಿರಲಿಲ್ಲ. ಹಾಜರಿ ಹಿಡಿದವನು ತಾನು ಬಂದಿದ್ದೇನೆಂದು ಯಾರಿಗೆ ಹೇಳಬೇಕು.

ಮಧ್ಯಾಹ್ನ ಬಸವಣಪ್ಪನವರಿಗೆ ಫೋನು ಮಾಡಿದಳು. ಹಾಜರಿಯಲ್ಲಿ ಅಜೀತನ ಹೆಸರಿಲ್ಲವೆಂದು ಹೇಳಿದಳು. ಆ ಕಡೆ ಟ್ರ್ಯಾಕ್ಟರಿನ ಸದ್ದಿತ್ತು.

"ಅವಾ ಬಂದಿದ್ದ ಅಂತ ಊರಿಗೇ ಗೊತ್ತದ," ಎಂದರು ಅವರು. "ನನಗೂ ಗೊತ್ತದ. ಖರೆ ಹಾಜರಿನಾಗ ಇಲ್ಲದವರದು ಒಂದ ಹಾಕಿದ್ರ ನಾಳೆ ನಲವತ್ತ ಮಂದಿ ಬರ್ತಾರ, ನಮ್ಮದೂ ಬಿಟ್ಟದ ಅಂತ. ನನ್ನ ತಮ್ಮ ಮುಂದ ನಿಂತಿರ್ತಾನ."

"ಹೌದ್ರಿ."

"ಒಂದ ಮಾಡೋಣು. ಕೆಳಗ ಬ್ಯಾರೆ ಸಾಲ ಹಾಕೋಣು. ಹಾಜರಿ ಬರದವರು ಅಜೀತ ಅಂತ. ಅದು ಮರ್ಯಾದಿದೇ."

ರತ್ನಮಾಲಾ ಮುಕ್ತಾಬಾಯಿಗೆ ಅದನ್ನೇ ಹೇಳಿದಳು. ಸುತ್ತಿ ಬಳಸಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

"ಬ್ಯಾಡ," ಎಂದಳು ಮುಕ್ತಾಬಾಯಿ ಫೋನಿನಲ್ಲಿ. "ನೆರಳಾಗ ಕುಂತು ಬರದಾನಂತ ಆಗ್ತದ. ಅವಾ ಗುಮಾಸ್ತ ಇದ್ದನೇನು? ಸಂಜಿಕಿ ಬಂದ್ರ ಹೆಗಲ ಮ್ಯಾಲಿನ ಚರ್ಮ ಸುಲದಿರ್ತಿತ್ತು. ಎಣ್ಣಿ ಹಚ್ಚಿದಾಕಿ ನಾ ಇದ್ದೀನಿ."

"ಕಾಕಾ ಅವರಿಗಿ ಹೇಳ್ಲೇನ್ರಿ?"

"ನಾ ಹೇಳಿದ್ರ ತಾಯಿ ಮಾತ ಆಗ್ತದ. ನೀ ಹೇಳಿದ್ರ ಹೆಂಡ್ತಿ ಮಾತ." ಮತ್ತೆ ಅವಳೇ ಅಂದಳು, "ಹೋಗ್ಲಿ ಬಿಡು. ಕೆಳಗ ಬ್ಯಾರೆ ನಿಲ್ಲೂದು ನಮಗೇನ ಹೊಸಾದಲ್ಲ. ಖರೆ ಅವನ ಹೆಸರ ಹಂಗ ಬ್ಯಾಡ. ಅದಕಿಂತ ಇರದಿದ್ರೇ ಚಲೋ."

ಫೋನು ಇಟ್ಟ ಮೇಲೆ ರತ್ನಮಾಲಾ ಆ ದಿನದ ಉಳಿದ ಕೆಲಸ ಮುಗಿಸಿದಳು. ಎರಡು ವಾರಸಾ ಅರ್ಜಿ, ಒಂದು ಬಾಡಿಗೆ ಕರಾರು. ಅಕ್ಷರ ಒಂದೂ ತಪ್ಪಲಿಲ್ಲ.

ಮರುದಿನ, ಶುಕ್ರವಾರ, ಅಂಗಡಿ ತೆರೆದ ಕೂಡಲೆ ಬಾವಿಯ ಕಡತವನ್ನು ಕೊನೆಯ ಸಲ ತಾಳೆ ನೋಡಲು ಕುಳಿತಳು. ಯಾವ ಪಟ್ಟಿಯನ್ನೂ ಅವಳು ತಾಳೆ ನೋಡದೆ ಕೊಡುತ್ತಿರಲಿಲ್ಲ. "ಒಟ್ಟು" ಎಂದು ಶುರುವಾಗುವ ನಲವತ್ತು ಸಾಲುಗಳನ್ನು ಹಿಡಿದು ಅವುಗಳ ಮುಂದಿನ ಅಂಕಿಗಳನ್ನು ಕೂಡಿಸಿದಳು. ಸಾವಿರದ ಎಂಟುನೂರ ನಲವತ್ತಾರು. ಹೆಸರುಗಳನ್ನು ಎಣಿಸಿದಳು. ಸಾವಿರದ ಎಂಟುನೂರ ಎಂಟು.

ಮೂವತ್ತೆಂಟು ಕಡಿಮೆ.

ತನ್ನ ಚಹರೆಯೇ ಎಲ್ಲೋ ನುಂಗಿದೆ ಎಂದುಕೊಂಡಳು. ಇಬ್ಬಿಬ್ಬರು ಇರುವ ಸಾಲುಗಳನ್ನೆಲ್ಲ ಹುಡುಕಿ ತೆಗೆದಿಟ್ಟ ಪ್ರತಿಯ ಜೊತೆ ಹೋಲಿಸಿದಳು. ಯಾರೂ ಹೊಟ್ಟೆ ಸೇರಿರಲಿಲ್ಲ. ಕಾಕಾ ಎಂಬುದನ್ನು ತೆಗೆಯುವಾಗ ಇಡೀ ಸಾಲು ಹೋಯಿತೇ ಎಂದು ನೋಡಿದಳು. ಅದೂ ಅಲ್ಲ. ಒಂದೂವರೆ ತಾಸು ಹೋಯಿತು. ಅವನು ಕೂಡಿಸುವಾಗ ತಪ್ಪಿದನೇ? ಮೋಟರಿನ ತಂತಿಯ ಸುತ್ತು ಎಣಿಸುವವನು ನಲವತ್ತಾರು ಮಂದಿಯನ್ನು ಎಣಿಸಲಾರನೇ.

ಗೌಹರ ಆಪಾ ಚಹಾ ತಂದು ಅವಳ ಮುಂದಿಟ್ಟು, ಪರದೆಗೆ ಬಗ್ಗಿದಳು.

"ಸಾವಿರಾರು ಸಾಲ ಅವ. ಇದರಾಗ ಒಂದ ಹೆಸರ ಸೇರಿಸಿದ್ರ ಯಾರ ಅಪ್ಪಗ ತಿಳೀತದ? ಅವಾ ಬಂದಿದ್ದು ಖರೆ ಅದ. ಖರೆ ಮಾತ ಬರಿಲಿಕ್ಕಿ ಏನ ಹೆದರಿಕಿ?"

"ಅವರು ಬರದಿಲ್ಲರಿ ಆಪಾ."

"ಬರೀಲಿಲ್ಲ, ಮರತ. ನೀ ನೆನಪ ಮಾಡಿ ಕೊಡು. ಎಷ್ಟ ಹೊತ್ತಿನ ಕೆಲಸ ಅದ?"

ಹೊತ್ತಿನ ಕೆಲಸವೇ ಅಲ್ಲ. ಪ್ರತಿ ಹಾಜರಿಯೂ ಅವನು ಬರೆದ ದಿನದಿಂದ ಶುರುವಾಗುತ್ತಿತ್ತು: ಮೇ 4, ಮೇ 5, ಹಾಗೆ. ತಿಂಗಳ ಹೆಸರು, ಒಂದು ಅಂಕಿ, ಅಲ್ಲಿಗೆ ಸಾಲು ಮುಗಿಯಿತು ಎಂಬ ಚಹರೆ ಸಾಕು. ಅದೇ ಸಾಲನ್ನು ಹಾಗೇ ಇಟ್ಟು ಕೆಳಗೆ ಇನ್ನೊಂದು ಸಾಲು ಸೇರಿಸು ಎಂದರೆ ಮುಗಿಯಿತು. ಗೌಹರ ಆಪಾ ನೋಡುತ್ತಿದ್ದಂತೆ ರತ್ನಮಾಲಾ ಅದನ್ನು ಬರೆದಳು. ಒತ್ತಬೇಕೆಂದು ಬರೆದ ಹಾಗಿರಲಿಲ್ಲ. ಆದರೆ ಒತ್ತಿದಳು.

ನಲವತ್ತು ಕಡೆ ಬದಲಾಯಿತು. ಮೇ 4ರ ಕೆಳಗೆ ಅಜೀತ. ಮೇ 5ರ ಕೆಳಗೆ ಅಜೀತ. ಅವಳು ಪುಟ ಸರಿಸುತ್ತ ಹೋದಳು. ಎಲ್ಲ ದಿನವೂ ಅವನೇ ಮೊದಲು ಬಂದು ನಿಂತಿದ್ದ.

"ನೋಡು, ಹ್ಯಾಂಗ ಬರೋಬರ್ ಕುಂತಾನ," ಎಂದಳು ಗೌಹರ ಆಪಾ, ಮೆತ್ತಗೆ.

ಮೇ 19ಕ್ಕೆ ಬಂದಾಗ ರತ್ನಮಾಲಾಳ ಕೈ ನಿಂತಿತು. ಆ ದಿನ ಅವನು ಬಾವಿಗೆ ಹೋಗಿರಲಿಲ್ಲ. ಅವಳಿಗೆ ಟೈಫಾಯಿಡ್ ಆಗಿ ಇಲ್ಲಿ ಹುಮನಾಬಾದಿನ ದವಾಖಾನೆಯಲ್ಲಿ ಮಲಗಿಸಿದ್ದರು. ಅವನು ಬೆಳಿಗ್ಗೆಯೇ ಬೈಕಿನ ಮೇಲೆ ಬಂದಿದ್ದ. ಒಳಗೆ ಒಬ್ಬರಿಗೇ ಬಿಡುತ್ತೇವೆಂದಾಗ ಅವಳ ತಾಯಿಯನ್ನು ಹೊರಗೆ ಕಳಿಸಿ ತಾನು ಒಳಗೆ ಕುಳಿತಿದ್ದ. ಎರಡು ದಿನ. ಉಗುರುಗಳೊಳಗೆ ಬಾವಿಯ ಕಪ್ಪು ಮಣ್ಣು ಹಾಗೇ ಇತ್ತು. ಅದೇ ಕೈಯಿಂದ ಮೋಸಂಬಿ ಸುಲಿಯಲು ಹೋಗಿ ನರ್ಸಿನಿಂದ ಬೈಸಿಕೊಂಡಿದ್ದ.

"ಇದು ಸುಳ್ಳ ಆಗ್ತದರಿ ಆಪಾ," ಎಂದಳು. "ಎರಡ ದಿನ ಅವರು ನನ್ನ ಹತ್ರ ಇದ್ರು."

ಸೇರಿಸಿದ್ದನ್ನು ತೆಗೆಯಲು ಅನ್‌ಡೂ ಮೇಲೆ ಕೈಯಿಡುವ ಮೊದಲು, ಅಭ್ಯಾಸದಂತೆ, ಇನ್ನೊಮ್ಮೆ ಎಣಿಕೆ ನೋಡಿದಳು. ಈಗ ಹೆಸರುಗಳು ಸಾವಿರದ ಎಂಟುನೂರ ನಲವತ್ತೆಂಟು. ಅವನು ಬರೆದ ಒಟ್ಟು ಸಾವಿರದ ಎಂಟುನೂರ ನಲವತ್ತಾರು.

ಎರಡು ಹೆಚ್ಚು.

ಅವಳು ದಿನ ದಿನಕ್ಕೆ ಬೇರೆ ಎಣಿಸಿದಳು. ಮೇ 4: ಹೆಸರು ನಲವತ್ತೊಂದು, ಒಟ್ಟು ನಲವತ್ತೊಂದು. ಮೇ 5: ನಲವತ್ತನಾಲ್ಕು, ನಲವತ್ತನಾಲ್ಕು. ಸರಿಯಾಗಿ ಕೂಡುತ್ತಿತ್ತು. ಎಲ್ಲ ದಿನವೂ ಕೂಡುತ್ತಿತ್ತು, ಎರಡು ದಿನ ಬಿಟ್ಟು. ಮೇ 19ರಂದು ಒಂದು ಹೆಸರು ಹೆಚ್ಚು. ಮೇ 20ರಂದು ಒಂದು ಹೆಸರು ಹೆಚ್ಚು.

ಅವಳ ಚಹರೆ ಏನನ್ನೂ ನುಂಗಿರಲಿಲ್ಲ. ಅವನೂ ಎಣಿಕೆ ತಪ್ಪಿರಲಿಲ್ಲ. ಸಂಜೆ ಒಟ್ಟು ಹಾಕುವಾಗ ಅವನು ತನ್ನನ್ನೂ ಎಣಿಸಿಕೊಂಡಿದ್ದ. ಹೆಸರು ಬರೆದಿರಲಿಲ್ಲ, ಅಷ್ಟೇ. ಬಾರದ ಎರಡು ದಿನ ಎಣಿಸಿಕೊಂಡಿರಲಿಲ್ಲ.

"ಏನಾತು?" ಎಂದಳು ಗೌಹರ ಆಪಾ.

"ಇದಾರರಿ," ಎಂದಳು ರತ್ನಮಾಲಾ. ಆಮೇಲೆ ಅನ್‌ಡೂ ಒತ್ತಿ, ತಾನು ಸೇರಿಸಿದ ನಲವತ್ತು ಸಾಲನ್ನೂ ತೆಗೆದಳು.

ಒಂದು ಮಾತು ಉಳಿದಿತ್ತು. ಆ ಎರಡು ದಿನದ ಹಾಜರಿಯನ್ನು ಹಾಗಾದರೆ ಬರೆದವರು ಯಾರು? ಅದು ತಿಳಿಯಬೇಕಾದರೆ ತೆಗೆದಿಟ್ಟ ಪ್ರತಿಯನ್ನು, ಕಂಸಗಳಿದ್ದ ಪ್ರತಿಯನ್ನು, ಓದಬೇಕಿತ್ತು. ಅವಳು ತಣ್ಣಗಾದ ಚಹಾ ಕುಡಿದು ಮುಗಿಸಿದಳು. ಲೋಟ ಕೆಳಗಿಟ್ಟಳು. ಆಮೇಲೆ ತೆರೆದಳು.

"ಮೇ 19 (ಇವತ್ತ ನಾ ಬಾವಿಗಿಲ್ಲ, ರತ್ನಾಗ ಆರಾಮಿಲ್ಲ. ಹೆಸರ ಸಂಘರತ್ನ ಫೋನಿನ್ಯಾಗ ಹೇಳ್ಯಾನ. ನನ್ನ ಎಣಿಸಿಲ್ಲ.)"

"ಮೇ 20 (ಇವತ್ತೂ ನಾ ಇಲ್ಲ. ಸಲಾಯಿನ್ ಮುಗೀತು, ಜ್ವರ ಇಳಿದದ. ನಾಳೆ ಬರ್ತೀನಿ. ನನ್ನ ಬುಟ್ಟಿ ಯಾರೂ ಮುಟ್ಟಬ್ಯಾಡ್ರಿ, ಅದರ ಒಂದ ಕಿವಿ ಹರದದ, ನನಗಷ್ಟೇ ಹಿಡಿಲಿಕ್ಕಿ ಬರ್ತದ.)"

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಮೇ 4ರಿಂದ ಓದತೊಡಗಿದಳು. ಭಾಗಮ್ಮ ಕಾಕಿ (ಸೊಂಟ ಹಿಡದದ, ಆದ್ರೂ ಬಂದಾಳ). ಸಂಘರತ್ನ (ನಿನ್ನೆ ಹಾವ ಕಂಡ ಮ್ಯಾಲ ಹಾಡ ನಿಂದರಿಸ್ಯಾನ). ಮಚ್ಚೇಂದ್ರ ಅಣ್ಣ (ಪುಣಾದಾಗ ಲಿಫ್ಟಿನ್ಯಾಗ ಇದ್ದವ, ಇಲ್ಲಿ ಮೆಟ್ಟಲ ಎಣಸಾಕತ್ತಾನ). ಬಸವಣಪ್ಪ ಕಾಕಾ (ದಂಡಿಮ್ಯಾಗ ನಿಂತು ಬರೇ ಬಾಯಿಲೆ ಹೊತ್ತಾರ). ಮಧ್ಯಾಹ್ನದ ಊಟಕ್ಕೆ ಅವಳು ಏಳಲಿಲ್ಲ. ಗಿರಾಕಿಗಳನ್ನು ಗೌಹರ ಆಪಾಳೇ ನೋಡಿಕೊಂಡಳು. ಒಮ್ಮೆ ಮಾತ್ರ ರತ್ನಮಾಲಾಳ ಗಂಟಲಿನಿಂದ ಸದ್ದು ಬಂತು. ಆಪಾ ಗಾಬರಿಯಾಗಿ ತಿರುಗಿ ನೋಡಿದರೆ ಅದು ನಗು.

ಬಸವಣಪ್ಪನವರು ನಾಲ್ಕು ಗಂಟೆಗೆ ಬಂದರು. ರತ್ನಮಾಲಾ ಒಂದು ಹಾಳೆ ತೆಗೆದಿಟ್ಟಿದ್ದಳು: ನಲವತ್ತು ಸಾಲು, ಪ್ರತಿ ಸಾಲಿಗೆ ತಾರೀಕು, ಹೆಸರುಗಳ ಎಣಿಕೆ, ಅಜೀತ ಬರೆದ ಒಟ್ಟು. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ನೋಡಿದರು. ನಂಬಿಕೆ ಸಾಲದೆ ಮೇ 27ರ ಪೂರ್ತಿ ಹಾಜರಿ ಕೊಡು ಎಂದರು. ಕಂಸಗಳಿದ್ದ ಪ್ರತಿಯಿಂದಲೇ ಅದನ್ನು ತೆಗೆದುಕೊಟ್ಟಳು. ತುಟಿ ಅಲ್ಲಾಡಿಸುತ್ತ ಒಂದೊಂದೇ ಹೆಸರು ಎಣಿಸಿದರು. ನಡುವೆ ತಮ್ಮ ಹೆಸರಿಗೆ ಬಂದು ನಿಂತರು.

"ಬಾಯಿಲೆ ಹೊತ್ತಾರ ಅಂತ ಬರದಾನ," ಎಂದರು.

"ಹೌದ್ರಿ ಕಾಕಾ. ಹಂಗೇ ಒಂಬತ್ತ ಸಲ ಬರದಾರ."

"ಗುಂಪಿನ್ಯಾಗ ಕಳಸ್ತಿದ್ದ, ನಾ ಓದಲೇ ಇಲ್ಲ ನೋಡು." ಅವರ ಹೊಟ್ಟೆ ಅಲುಗಿತು. "ಮಂದಿ ಸಂಜಿಕಿ ಯಾಕ ನಗಾಕತ್ತಾರ ಅಂತ ತಿಳೀತಿರಲಿಲ್ಲ." ಎಣಿಕೆ ತಪ್ಪಿಹೋಗಿತ್ತು. ಮತ್ತೆ ಮೊದಲಿನಿಂದ ಎಣಿಸಿದರು. ನಲವತ್ತೇಳು ಹೆಸರು. ಒಟ್ಟು ನಲವತ್ತೆಂಟು.

"ಈ ಒಂದ ಅವನೇ ಅಂತ ಹ್ಯಾಂಗ ಹೇಳ್ತಿ? ಬ್ಯಾರೆ ಯಾರರ ಬಂದು ಹೆಸರ ಬಿಟ್ಟಿರಬಹುದು."

ಅದು ಮೊಂಡುತನದ ಮಾತಾಗಿರಲಿಲ್ಲ. ನಾಳೆ ತಮ್ಮ ಕೇಳುವ ಪ್ರಶ್ನೆಯನ್ನು ಅವರು ಇವತ್ತೇ ಕೇಳುತ್ತಿದ್ದರು. ರತ್ನಮಾಲಾ ಮೇ 19ನ್ನೂ 20ನ್ನೂ ಮುಂದಿಟ್ಟಳು. ಆ ಎರಡು ದಿನ ಮಾತ್ರ ಹೆಸರೂ ಒಟ್ಟೂ ಸಮ. ಅವರು ಕಂಸ ಓದಿದರು. ಓದಿ ಕನ್ನಡಕ ತೆಗೆದರು.

"ಆ ದಿನ ಸಂಘರತ್ನ ದಂಡಿಮ್ಯಾಗ ನಿಂತು ಫೋನಿನ್ಯಾಗ ಒದರಾಕತ್ತಿದ್ದ, ಒಂದೊಂದ ಹೆಸರ. ಯಾರಿಗಿ ಹೇಳಾಕತ್ತೀಯೋ ಅಂದೆ. ಅಜೀತಣ್ಣಗ, ದವಾಖಾನ್ಯಾಗ ಕುಂತು ಬರಕೊಳ್ಳಾಕತ್ತಾನ ಅಂದ." ಬುಟ್ಟಿಯ ಸಾಲಿನ ಮೇಲೆ ಬೆರಳಿಟ್ಟರು. "ಆ ಬುಟ್ಟಿನೂ ಗೊತ್ತದ ನನಗ. ಬ್ಯಾರೇದು ತಗೋ ಅಂದ್ರ ಕೇಳ್ತಿರಲಿಲ್ಲ."

"ಹಾಜರಿನಾಗ ಇದ್ರ ಉಂಟು ಅಂದಿದ್ರಿ," ಎಂದಳು ರತ್ನಮಾಲಾ.

"ಅಂದೀನಿ. ಇದಾನಲ್ಲ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ಮೂವತ್ತೆಂಟ ದಿನ. ಯಾರರ ಕೇಳಿದ್ರ ಇದನ್ನೇ ತೋರಿಸ್ತೀನಿ. ಅವನ ಒಂದ ಕಡಿ ಭಾಗಮ್ಮ ನಿಲ್ತಿದ್ಲು, ಒಂದ ಕಡಿ ಸಂಘರತ್ನ. ಬುಟ್ಟಿ ಕೈಯಿಂದ ಕೈಗಿ ಹಂಗೇ ಹೋಗ್ತಿತ್ತು. ಅವರ ನಡುವ ಹಾಕು."

ಅವರು ಹೋದ ಮೇಲೆ ರತ್ನಮಾಲಾ ಆ ಒಂದು ಸಾಲನ್ನು ಕೈಯಿಂದಲೇ ಸೇರಿಸಿದಳು. ಹೆಸರು, ತಂದೆಯ ಹೆಸರು. ಈಗ ಅರವತ್ತಮೂರು.

ಮುಕ್ತಾಬಾಯಿಗೆ ಫೋನಿನಲ್ಲಿ ಹೇಳಿದರೆ ಅವಳು ಹಾಂ ಎಂದಳಷ್ಟೆ. ಆದರೆ ಶನಿವಾರ ಬೆಳಿಗ್ಗೆ ರತ್ನಮಾಲಾ ಅಂಗಡಿಗೆ ಬರುವಷ್ಟರಲ್ಲಿ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಮೊದಲ ಬಸ್ಸಿಗೆ ಹೊರಟು, ಕಲ್ಯಾಣದಲ್ಲಿ ಬಸ್ಸು ಬದಲಿಸಿ, ಒಬ್ಬಳೇ ಬಂದಿದ್ದಳು. ಮಡಿಲಲ್ಲಿ ಬಟ್ಟೆಗಂಟು, ಅದರಲ್ಲಿ ಮೂರು ರೊಟ್ಟಿ.

"ಕಲ್ಲಿಗಿ ಹೋದ ಮ್ಯಾಲ ತಿದ್ದಲಿಕ್ಕಿ ಬರಲ್ಲ," ಎಂದಳು. "ಅದಕ್ಕ ಮೊದಲೇ ನೋಡ್ತೀನಿ."

ಗೌಹರ ಆಪಾ ತನ್ನ ಕುರ್ಚಿಯನ್ನೇ ತಂದು ಕಂಪ್ಯೂಟರಿನ ಮುಂದೆ ಹಾಕಿದಳು. "ಬರ್ರಿ ಬೆಹೆನ್‌ಜಿ, ಕೂಡ್ರಿ." ಮುಕ್ತಾಬಾಯಿ ಕುರ್ಚಿಯ ತುದಿಗೆ ಕುಳಿತಳು. ರತ್ನಮಾಲಾ ಪಟ್ಟಿ ತೆರೆದಳು.

"ಯಾವುದು?"

ರತ್ನಮಾಲಾ ಬೆರಳಿಟ್ಟು ತೋರಿಸಿದಳು.

"ಕಾಣವಲ್ಲದು. ದೊಡ್ಡದ ಮಾಡು."

ಮಾಡಿದಳು. ಇನ್ನೂ ದೊಡ್ಡದು ಎಂದಳು. ಪರದೆಯ ತುಂಬ ಆ ಒಂದು ಹೆಸರೇ ನಿಲ್ಲುವವರೆಗೆ ಮಾಡಿದಳು. ಮುಕ್ತಾಬಾಯಿ ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಓದುವವರಿಗಿಂತ ನಿಧಾನವಾಗಿ, ಗುಡಿಸಿದ ಅಂಗಳ ನೋಡುವಂತೆ, ಎಡದಿಂದ ಬಲಕ್ಕೆ ನೋಡಿದಳು.

"ಇದು ಅ. ಇದು ಜೀ. ಇದು ತ," ಎಂದಳು ರತ್ನಮಾಲಾ.

"ಮೂರೇ?"

"ಮೂರೇರಿ."

"ಹೆಸರ ಇಟ್ಟಾಗ ಯಾರೂ ಹೇಳಿದ್ದಿಲ್ಲ, ಇಷ್ಟ ಸಣ್ಣ ಹೆಸರ ಅಂತ."

ಗೌಹರ ಆಪಾ ಮುಖ ತಿರುಗಿಸಿಕೊಂಡು ಲಗ್ನಪತ್ರಿಕೆಗಳನ್ನು ಸರಿಮಾಡತೊಡಗಿದಳು.

"ಕಲ್ಲಿನ ಮ್ಯಾಲ ಇಷ್ಟ ದೊಡ್ಡದೇ ಬರ್ತದೇನು?"

"ಇಲ್ಲರಿ ಅತ್ತಿ. ಎಲ್ಲಾರದೂ ಒಂದೇ ಅಳತಿ."

"ಭಾಗಮ್ಮಂದು?"

"ಅಷ್ಟೇರಿ."

"ಬಸವಣಪ್ಪ ಗೌಡಂದು?"

"ಅವರದೂ ಅಷ್ಟೇ."

ಮುಕ್ತಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹಂಗಾರ ಸಣ್ಣದ ಮಾಡು. ಎಲ್ಲಾರ ನಡುವ ಹ್ಯಾಂಗ ಕಾಣ್ತಾನ ನೋಡ್ತೀನಿ."

ರತ್ನಮಾಲಾ ಸಣ್ಣದು ಮಾಡುತ್ತ ಹೋದಳು. ಮೇಲಿನಿಂದ ಭಾಗಮ್ಮ ಬಂದಳು, ಕೆಳಗಿನಿಂದ ಸಂಘರತ್ನ. ಆಮೇಲೆ ಮತ್ತಿಬ್ಬರು, ಮತ್ತೆ ಆರು ಮಂದಿ, ಮತ್ತೆ ಇಪ್ಪತ್ತು. ಹೆಸರುಗಳು ಒಂದಕ್ಕೊಂದು ಹತ್ತಿ ಸಾಲಾಗಿ ನಿಂತವು. ಅರವತ್ತಮೂರೂ ಪರದೆಯೊಳಗೆ ಬಂದು, ಅವುಗಳಲ್ಲಿ ಅಜೀತ ಯಾವನೆಂದು ಒಮ್ಮೆಲೆ ಕಣ್ಣಿಗೆ ಸಿಗದಂತಾದಾಗ, ಮುಕ್ತಾಬಾಯಿ ಅವಳ ಕೈ ಹಿಡಿದು ನಿಲ್ಲಿಸಿದಳು.

"ಹಾಂ," ಎಂದಳು. "ಅಲ್ಲೇ ಇರ್ಲಿ."